ನಡುರಾತ್ರಿಯ ಎದೆನೋವಿಗೂ ಕೋ-ಪೇ ಲೆಕ್ಕವೆ?

ಆರೋಗ್ಯ ವಿಮೆಯ ಕೋ-ಪೇ, ಅಂದರೆ ವಿಮೆ ಒಪ್ಪಿದ ಖರ್ಚಿನಲ್ಲೂ ನಾವೇ ಕೊಡಬೇಕಾದ ಪಾಲು, ಅದರ ಬಗ್ಗೆ ಬಂದ ಪತ್ರಗಳನ್ನು ಈ ಸಲದ ಅಂಕಣಕ್ಕೆ ಒಟ್ಟುಮಾಡಿದ್ದೇವೆ. ಕೇಳುವ ರೀತಿ ಬೇರೆಬೇರೆ, ಸಂಕಟ ಮಾತ್ರ ಒಂದೇ. ದಿನ ಗೊತ್ತುಮಾಡಿಕೊಂಡು ಸೇರುವ ಮಂಡಿ ಆಪರೇಷನ್ನಿಗೂ ಆಂಬುಲೆನ್ಸಿನಲ್ಲಿ ಹೋಗಿ ಸೇರುವ ಹೃದಯಾಘಾತಕ್ಕೂ ಒಂದೇ ಕೋ-ಪೇ ಏಕೆ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಐದು ಲಕ್ಷದ ಪಾಲಿಸಿಯಲ್ಲಿ ‘20% ಕೋ-ಪೇ’ ಎಂದು ಬರೆದಿದೆ. ಎಮರ್ಜೆನ್ಸಿಯಲ್ಲಿ ಸೇರಿಸಿದರೂ ಇದು ಅನ್ವಯಿಸುತ್ತದೆಯೆ? ನಮ್ಮ ಕೈಯಿಂದ ಎಷ್ಟು ಹೋಗುತ್ತದೆ?
— ಓದುಗರು, ಹಾಸನ

ಅನ್ವಯಿಸುತ್ತದೆ. ನಮ್ಮ ದೇಶದ ಬಹುಪಾಲು ಪಾಲಿಸಿಗಳಲ್ಲಿ ಕೋ-ಪೇ ನಿಗದಿಯಾಗುವುದು ವಯಸ್ಸು, ಊರು, ಆಸ್ಪತ್ರೆ ಇಲ್ಲವೆ ಕಾಯಿಲೆಯ ಮೇಲೆ. ರೋಗಿ ನಡೆದುಕೊಂಡು ಬಂದರೇ, ಸ್ಟ್ರೆಚರ್ ಮೇಲೆ ಬಂದರೇ ಎಂಬುದನ್ನು ಅದು ನೋಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಆರೋಗ್ಯ ಸಂಜೀವಿನಿ ಎಂಬ ಮಾದರಿ ಪಾಲಿಸಿಯಲ್ಲೂ 5% ಕೋ-ಪೇ ಎಲ್ಲ ವಯಸ್ಸಿಗೂ ಎಲ್ಲ ಕ್ಲೇಮಿಗೂ ಇದೆ, ಎಮರ್ಜೆನ್ಸಿ ಎಂಬ ರಿಯಾಯಿತಿ ಇಲ್ಲ.

ಲೆಕ್ಕ ಹೀಗೆ. ಬಿಲ್ಲು 3,40,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ವಿಮೆ ಒಪ್ಪದ ಬಾಬತ್ತುಗಳು, ಅಂದರೆ ಜೊತೆಯವರ ಊಟ, ಡೈಪರ್, ಫೋನು, ಲಾಂಡ್ರಿಯಂಥವು, 22,000 ಇದ್ದರೆ ಮೊದಲು ಅವು ಕಳೆಯುತ್ತವೆ. ಉಳಿದ 3,18,000ಕ್ಕೆ 20%, ಅಂದರೆ 63,600 ನಿಮ್ಮ ಪಾಲು. ವಿಮಾ ಕಂಪನಿ ಕೊಡುವುದು 2,54,400. ನಿಮ್ಮ ಕೈಯಿಂದ ಒಟ್ಟು 85,600 ಹೋಗುತ್ತದೆ. ಬಹಳ ಮಂದಿ 20% ಎಂದರೆ ಪೂರ್ತಿ ಬಿಲ್ಲಿನ 20% ಎಂದು 68,000 ಹೊಂದಿಸಿಕೊಂಡು ಹೋಗುತ್ತಾರೆ, ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಉಳಿದ 17,600ಕ್ಕೆ ಪರದಾಡುತ್ತಾರೆ.

ರೂಮಿನ ಬಾಡಿಗೆಗೆ ಮಿತಿಯಿದ್ದರೆ ಪೆಟ್ಟು ಇನ್ನೂ ಜೋರು. ದಿನಕ್ಕೆ 5,000 ಮಿತಿಯಿದ್ದು ನೀವು 8,000ದ ರೂಮು ತೆಗೆದುಕೊಂಡಿರಿ ಎನ್ನಿ. ಹೆಚ್ಚಾದ ಮೂರು ಸಾವಿರ ಕೊಟ್ಟರೆ ಮುಗಿಯಿತು ಎನ್ನುವ ಹಾಗಿಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕ, ನರ್ಸಿಂಗ್ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ, ಎಂಟರಲ್ಲಿ ಐದು ಪಾಲಿಗೆ, ಇಳಿಸುತ್ತಾರೆ. ಈ ಬಾಬತ್ತು 1,60,000 ಇದ್ದರೆ ಲೆಕ್ಕಕ್ಕೆ ಬರುವುದು ಒಂದು ಲಕ್ಷ ಮಾತ್ರ, ಅದರ ಮೇಲೆ ಮತ್ತೆ 20% ಕೋ-ಪೇ. ಔಷಧಿ, ಇಂಪ್ಲಾಂಟ್, ಲ್ಯಾಬು-ಸ್ಕ್ಯಾನಿಂಗ್ ಮತ್ತು ಐಸಿಯು ಶುಲ್ಕಗಳಿಗೆ ಈ ಪ್ರಮಾಣದ ಕಡಿತ ಮಾಡುವಂತಿಲ್ಲ. ರೂಮಿನ ದರ್ಜೆಗೆ ತಕ್ಕಂತೆ ಬೇರೆಬೇರೆ ದರ ಹಾಕದ ಆಸ್ಪತ್ರೆಯಲ್ಲೂ ಮಾಡುವಂತಿಲ್ಲ. ಎಮರ್ಜೆನ್ಸಿಯಲ್ಲಿ ಎಡವುವುದು ಇಲ್ಲಿಯೇ. ಮೊದಲ ಎರಡು ದಿನ ಐಸಿಯುನಲ್ಲಿ ತೊಂದರೆಯಿಲ್ಲ. ಮೂರನೆಯ ದಿನ ವಾರ್ಡಿಗೆ ಹಾಕುವಾಗ ‘ಡೀಲಕ್ಸ್ ಮಾತ್ರ ಖಾಲಿ ಇದೆ’ ಎಂದರೆ ಯಾರೋ ಒಬ್ಬರು ಸಹಿ ಹಾಕಿಬಿಡುತ್ತಾರೆ. ಹಾಗೆ ಹೇಳಿದರೆ ‘ಅರ್ಹ ದರ್ಜೆಯ ರೂಮು ಲಭ್ಯವಿರಲಿಲ್ಲ’ ಎಂದು ಆಸ್ಪತ್ರೆಯವರಿಂದ ಬರೆಸಿಕೊಳ್ಳಿ, ರೂಮು ಖಾಲಿಯಾದ ಕೂಡಲೇ ಬದಲಿಸಿ ಎಂದು ನೀವೂ ಬರೆದುಕೊಡಿ. ಆಮೇಲೆ ವಾದಿಸಲು ಆ ಚೀಟಿಗಳೇ ಆಧಾರ.

ಬಿಲ್ಲು ವಿಮಾ ಮೊತ್ತವನ್ನೂ ಮೀರಿದರೆ ಯಾವುದನ್ನು ಮೊದಲು ಕಳೆಯುತ್ತಾರೆ ಎಂಬುದು ಮುಖ್ಯ. ಒಪ್ಪಿತ ಖರ್ಚು ಏಳು ಲಕ್ಷ, ಪಾಲಿಸಿ ಐದು ಲಕ್ಷದ್ದು. ಏಳು ಲಕ್ಷಕ್ಕೆ 20% ಕಳೆದರೆ ಉಳಿಯುವುದು 5,60,000, ಆಗ ಕಂಪನಿ ಪೂರ್ತಿ ಐದು ಲಕ್ಷ ಕೊಡಬೇಕು. ಮೊದಲು ಐದು ಲಕ್ಷಕ್ಕೆ ಇಳಿಸಿ ಆಮೇಲೆ 20% ಕಳೆದರೆ ನಿಮಗೆ ಸಿಗುವುದು ನಾಲ್ಕೇ ಲಕ್ಷ. ‘ಕೋ-ಪೇಯಿಂದ ವಿಮಾ ಮೊತ್ತ ಕಡಿಮೆಯಾಗುವುದಿಲ್ಲ’ ಎಂದು ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಲ್ಲೇ ಇದೆ. ನಿಮ್ಮ ಪಾಲಿಸಿಯ ಒಕ್ಕಣೆ ಏನಿದೆ ಎಂದು ನೋಡಿ, ಕಂಪನಿ ಎರಡನೆಯ ಲೆಕ್ಕ ಹಿಡಿದರೆ ಈ ವಾಕ್ಯವನ್ನು ಎತ್ತಿ ಬರೆದು ಕಾರಣ ಕೇಳಿ. ಒಂದು ಲಕ್ಷದ ಪ್ರಶ್ನೆ ಇದು.

ಪ್ರಶ್ನೆ: ಎಮರ್ಜೆನ್ಸಿಯಲ್ಲಿ ಕೋ-ಪೇ ಇರಲೇಬಾರದು ಎಂದು ನನ್ನ ವಾದ. ಹಾಗೆ ಮಾಡಿದರೆ ಜನ ನೆಗಡಿಗೂ ಕ್ಯಾಶುವಾಲ್ಟಿಗೆ ಓಡುತ್ತಾರೆ ಎಂದು ಗೆಳೆಯರ ವಾದ. ನಿಮ್ಮ ತೀರ್ಪೇನು?
— ನಿವೃತ್ತ ಉಪನ್ಯಾಸಕರು, ಧಾರವಾಡ

ಗೆಳೆಯರ ಮಾತಿನಲ್ಲಿ ಹುರುಳಿದೆ. ಆದರೂ ನಾವು ನಿಮ್ಮ ಕಡೆಗೆ ವಾಲುತ್ತೇವೆ, ಒಂದೆರಡು ಷರತ್ತು ಹಾಕಿ.

ಕೈಯಿಂದ ಸ್ವಲ್ಪ ಹೋಗುವುದಾದರೆ ಮನುಷ್ಯ ಯೋಚಿಸಿ ಖರ್ಚು ಮಾಡುತ್ತಾನೆ ಎಂಬುದು ಕೋ-ಪೇಯ ಹಿಂದಿನ ತರ್ಕ. ಇದನ್ನು ನಿಜವಾಗಿ ಪರೀಕ್ಷೆಗೆ ಹಚ್ಚಿದ್ದು ಅಮೆರಿಕದ ರ‍್ಯಾಂಡ್ ಸಂಸ್ಥೆ. 1974ರಿಂದ 1982ರವರೆಗೆ ನಡೆದ ಆ ಪ್ರಯೋಗದಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿದರು. ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತ, ಉಳಿದವರಿಗೆ 25%, 50%, 95% ಹೀಗೆ ಸ್ವಂತ ಪಾಲು, ಜೊತೆಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ. ಪಾಲು ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದನ್ನು ಕಡಿಮೆ ಮಾಡಿದ್ದು ನಿಜ. ತೊಡಕು ಎಲ್ಲಿ ಎಂದರೆ, ಬೇಡದ ಚಿಕಿತ್ಸೆಯಷ್ಟೇ ಬೇಕಾದ ಚಿಕಿತ್ಸೆಯನ್ನೂ ಬಿಟ್ಟರು. ಯಾವುದು ಬೇಕು ಯಾವುದು ಬೇಡ ಎಂದು ತೂಗಲು ರೋಗಿಗೆ ಬರುವುದಿಲ್ಲವಲ್ಲ. ಸರಾಸರಿ ಮನುಷ್ಯನ ಆರೋಗ್ಯ ಅದರಿಂದ ಅಷ್ಟೇನೂ ಕೆಡಲಿಲ್ಲ, ಆದರೆ ರಕ್ತದೊತ್ತಡವಿದ್ದ ಬಡವರಿಗೆ ಉಚಿತ ಚಿಕಿತ್ಸೆಯಿಂದಲೇ ಹೆಚ್ಚು ಒಳ್ಳೆಯದಾಯಿತು. ಎಮರ್ಜೆನ್ಸಿ ವಿಭಾಗದ ಮಟ್ಟಿಗೆ ಹೇಳುವುದಾದರೆ, ತುರ್ತಿನ ಭೇಟಿಗಳಿಗಿಂತ ಅಷ್ಟು ತುರ್ತಲ್ಲದ ಭೇಟಿಗಳೇ ಹೆಚ್ಚಾಗಿ ಇಳಿದವು. ನಿಮ್ಮ ಗೆಳೆಯರು ಹಿಡಿದಿರುವುದು ಈ ಎಳೆಯನ್ನು.

ಈಗ ನಿಜವಾದ ಎಮರ್ಜೆನ್ಸಿಯನ್ನು ನೋಡೋಣ. ಅಲ್ಲಿ ಇರುವುದು ಮೂರು ತೀರ್ಮಾನ: ಹೋಗಬೇಕೇ, ಎಲ್ಲಿಗೆ ಹೋಗಬೇಕು, ಯಾವ ಚಿಕಿತ್ಸೆ ಮಾಡಿಸಬೇಕು. ಎಲ್ಲಿಗೆ ಎಂಬುದನ್ನು ದೂರ ಮತ್ತು ಆಂಬುಲೆನ್ಸು ತೀರ್ಮಾನಿಸುತ್ತವೆ, ಯಾವ ಚಿಕಿತ್ಸೆ ಎಂಬುದನ್ನು ವೈದ್ಯರು. ಇವೆರಡರಲ್ಲಿ ರೋಗಿಯ ಜೇಬಿಗೆ ಕತ್ತರಿ ಹಾಕಿ ಯಾವ ಬುದ್ಧಿ ಕಲಿಸಿದಂತಾಯಿತು? ಉಳಿದದ್ದು ‘ಹೋಗಬೇಕೇ’ ಎಂಬ ಒಂದೇ ತೀರ್ಮಾನ. ಅಲ್ಲಿ ಹಿಂಜರಿದರೆ ಅಪಾಯ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ‘ಬೆಳಗಾಗಲಿ ನೋಡೋಣ’ ಎಂದವರಿಗೆ ಆ ಇಂಜೆಕ್ಷನ್ ಇಲ್ಲ. ಉಳಿಯುವುದು ತಿಂಗಳುಗಟ್ಟಲೆ ಫಿಸಿಯೋಥೆರಪಿ, ಅದರ ಖರ್ಚು ಯಾವ ಕೋ-ಪೇ ಉಳಿತಾಯಕ್ಕಿಂತಲೂ ದೊಡ್ಡದು.

ಹಾಗಾದರೆ ತುರ್ತನ್ನು ಅಳೆಯುವ ಕೋಲು ಯಾವುದು? ಬೇರೆ ದೇಶಗಳು ಬೇರೆಬೇರೆ ಕೋಲು ಹಿಡಿದಿವೆ. ಇಟಲಿಯಲ್ಲಿ ಎಮರ್ಜೆನ್ಸಿ ವಿಭಾಗಕ್ಕೆ ಬಂದವರಿಗೆ ಬಣ್ಣದ ಸಂಕೇತ ಕೊಡುತ್ತಾರೆ, ‘ಬಿಳಿ’ ಸಿಕ್ಕವರು, ಅಂದರೆ ತುರ್ತಿಲ್ಲದವರು, 25 ಯೂರೊ ಕೊಡಬೇಕೆಂದು 2007ರಲ್ಲಿ ನಿಯಮವಾಯಿತು. ಫ್ರಾನ್ಸಿನಲ್ಲಿ 2022ರಿಂದ, ತುರ್ತು ವಿಭಾಗಕ್ಕೆ ಬಂದು ಒಳರೋಗಿಯಾಗದೆ ಮರಳುವವರಿಗೆ 19.61 ಯೂರೊ ಎಂದು ನಿಗದಿ ಮಾಡಿದರು. ಐರ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕುಟುಂಬ ವೈದ್ಯರ ಚೀಟಿಯಿಲ್ಲದೆ ಬಂದರೆ 100 ಯೂರೊ, ಚೀಟಿ ತಂದರೆ ಅಥವಾ ದಾಖಲಾದರೆ ಮಾಫಿ. ಅಮೆರಿಕದ ಅನೇಕ ಪಾಲಿಸಿಗಳಲ್ಲೂ ದಾಖಲಾದರೆ ಎಮರ್ಜೆನ್ಸಿ ಕೋ-ಪೇ ಬಿಟ್ಟುಬಿಡುತ್ತಾರೆ. ಇವೆಲ್ಲ ಶೇಕಡಾವಾರು ಅಲ್ಲ, ನಿಗದಿತ ಮೊತ್ತ ಎಂಬುದನ್ನು ಗಮನಿಸಿ.

ಪ್ರತಿಯೊಂದಕ್ಕೂ ಅದರದೇ ಕುಂದು ಇದೆ. ‘ದಾಖಲಾದರೆ ಮಾಫಿ’ ಎಂದರೆ, ಎದೆನೋವೆಂದು ಓಡಿಹೋಗಿ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾದವನಿಗೆ ದಂಡ. ಒಳ್ಳೆಯ ಸುದ್ದಿಗೆ ದಂಡ ಹಾಕುವ ಪದ್ಧತಿ ಅದು, ಜೊತೆಗೆ ‘ಒಂದು ರಾತ್ರಿ ಇಟ್ಟುಕೊಳ್ಳಿ ಡಾಕ್ಟ್ರೇ’ ಎನ್ನುವ ಒತ್ತಡ ಬೇರೆ. ಬಣ್ಣದ ಪದ್ಧತಿಯಲ್ಲಿ ನರ್ಸ್ ಮಾಡಿದ ವೈದ್ಯಕೀಯ ತೀರ್ಮಾನವೇ ಬಿಲ್ಲಿನ ತೀರ್ಮಾನವೂ ಆಗಿಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕೊನೆಗೆ ಬರೆದ ರೋಗದ ಹೆಸರು ನೋಡಿ ತುರ್ತು ಹೌದೋ ಅಲ್ಲವೋ ಎನ್ನುವುದು. ಎದೆ ಹಿಂಡುವ ನೋವು ಆ್ಯಸಿಡಿಟಿಯೋ ಹೃದಯಾಘಾತವೋ ಎಂದು ಇಸಿಜಿ, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ನೋಡದೆ ವೈದ್ಯರೇ ಹೇಳಲಾರರು. ಮನೆಯವರು ಹೇಗೆ ಹೇಳಿಯಾರು? ಇದನ್ನು ತಡೆಯಲೆಂದೇ ಅಮೆರಿಕದಲ್ಲಿ ‘ಸಾಮಾನ್ಯ ತಿಳಿವಳಿಕೆಯ ವ್ಯಕ್ತಿಗೆ ಆ ಲಕ್ಷಣ ನೋಡಿ ತುರ್ತು ಅನಿಸುತ್ತಿತ್ತೇ’ ಎಂಬ ಅಳತೆಗೋಲು ತಂದರು. 1997ರಲ್ಲಿ ಸರ್ಕಾರಿ ವಿಮೆಗಳಿಗೆ ಬಂದ ಅದು 2010ರ ಆರೋಗ್ಯ ಕಾಯ್ದೆಯಿಂದ ಖಾಸಗಿ ಪಾಲಿಸಿಗಳಿಗೂ ಹರಡಿತು. ನಮ್ಮಲ್ಲಿ ತುರ್ತು ಚಿಕಿತ್ಸೆಯ ಅಧಿಕೃತ ವ್ಯಾಖ್ಯೆಯೂ ಲಕ್ಷಣದಿಂದಲೇ ಹೊರಡುತ್ತದೆ: ಇದ್ದಕ್ಕಿದ್ದಂತೆ, ಅನಿರೀಕ್ಷಿತವಾಗಿ ಕಾಣಿಸಿಕೊಂಡ ಲಕ್ಷಣಗಳು, ಸಾವನ್ನು ಅಥವಾ ದೀರ್ಘಕಾಲದ ಗಂಭೀರ ಹಾನಿಯನ್ನು ತಪ್ಪಿಸಲು ತಕ್ಷಣ ಬೇಕಾದ ವೈದ್ಯಕೀಯ ಆರೈಕೆ. ವ್ಯಾಖ್ಯೆ ಇದೆ, ಅದನ್ನು ಕೋ-ಪೇಗೆ ಗಂಟು ಹಾಕಿಲ್ಲ ಅಷ್ಟೆ.

ಆದ್ದರಿಂದ ನಮ್ಮ ತೀರ್ಪು ಹೀಗಿದೆ. ನೆಟ್‌ವರ್ಕ್ ಆಸ್ಪತ್ರೆಗೆ (ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗೆ) ಹೋಗಲಿಲ್ಲ ಎಂದು ಹಾಕುವ ಕೋ-ಪೇ ಮತ್ತು ದೊಡ್ಡ ಊರಿಗೆ ಹೋದಿರಿ ಎಂದು ಹಾಕುವ ಕೋ-ಪೇ, ಇವೆರಡೂ ರೋಗಿಯ ಆಯ್ಕೆಗೆ ಕಟ್ಟಿದ ಬೆಲೆ. ಆಯ್ಕೆಯೇ ಇಲ್ಲದ ಕಡೆ, ರೋಗಿಯನ್ನು ಬೇರೆಡೆ ಸಾಗಿಸಬಹುದು ಎನ್ನುವಷ್ಟು ಚೇತರಿಸಿಕೊಳ್ಳುವವರೆಗೆ, ಅವನ್ನು ಕೈಬಿಡಬೇಕು. ವಯಸ್ಸಿನ ಕೋ-ಪೇ ವಿಷಯ ಬೇರೆ. ಅದು ಶಿಸ್ತು ಕಲಿಸಲು ಇಟ್ಟದ್ದಲ್ಲ, ಪ್ರೀಮಿಯಂ ಕೈಗೆಟುಕುವಂತೆ ಇರಿಸಲು ಇಟ್ಟದ್ದು. ಅದನ್ನು ಎಮರ್ಜೆನ್ಸಿಗೆ ಪೂರ್ತಿ ತೆಗೆದರೆ ಪ್ರೀಮಿಯಂ ಏರುತ್ತದೆ, ಏಕೆಂದರೆ ವಯಸ್ಸಾದವರು ದಾಖಲಾಗುವುದು ಬಹುಪಾಲು ಕ್ಯಾಶುವಾಲ್ಟಿಯ ಬಾಗಿಲಿನಿಂದಲೇ. ಅಲ್ಲಿ ನಾವು ಕೇಳುವುದು ಮಾಫಿಯನ್ನಲ್ಲ, ಮಿತಿಯನ್ನು: 20% ಇರಲಿ, ಆದರೆ ವರ್ಷಕ್ಕೆ ಇಂತಿಷ್ಟು ರೂಪಾಯಿಗಿಂತ ಹೆಚ್ಚಿಲ್ಲ ಎಂದಿರಲಿ. ಎಮರ್ಜೆನ್ಸಿಯ ಬಿಲ್ಲು ಎಷ್ಟಾಗುತ್ತದೆಂದು ಸೇರುವಾಗ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಮೊತ್ತದ ಐದನೇ ಒಂದು ಪಾಲೂ ಗೊತ್ತಿಲ್ಲದ ಮೊತ್ತವೇ. ಜನ ಹೆದರುವುದು ಅದಕ್ಕೆ.

ಇನ್ನು ಗೆಳೆಯರ ನೆಗಡಿಯ ಮಾತು. ನಮ್ಮ ಪದ್ಧತಿಯಲ್ಲಿ ನೆಗಡಿಗೆ ಕ್ಯಾಶುವಾಲ್ಟಿಗೆ ಓಡಿದರೆ ವಿಮೆಯಿಂದ ಬಿಡಿಗಾಸೂ ಬರುವುದಿಲ್ಲ, ಮುಂದಿನ ಉತ್ತರ ನೋಡಿ. ಭಯಪಡಬೇಕಾದದ್ದು ಬೇರೆ: ರಿಯಾಯಿತಿ ಬಂದರೆ ಭಾನುವಾರ ಸಂಜೆ ಸೇರಿಸಿಕೊಂಡ ಪ್ರತಿ ಹರ್ನಿಯಾವೂ ಕಾಗದದ ಮೇಲೆ ‘ಎಮರ್ಜೆನ್ಸಿ’ ಆಗಿಬಿಡಬಹುದು. ಅದನ್ನು ಹಿಡಿಯುವುದು ಕಷ್ಟವಲ್ಲ. ಬಂದ ಗಂಟೆ, ಆಗಿನ ನಾಡಿ, ಬಿಪಿ, ಆಮ್ಲಜನಕದ ಮಟ್ಟ, ಮೊದಲು ಕೊಟ್ಟ ಔಷಧಿ ಇವೆಲ್ಲ ಕೇಸ್‌ಶೀಟಿನಲ್ಲಿ ಇರಲೇಬೇಕು. ತುರ್ತು ಎಂದು ಬರೆದು ಮೂರು ದಿನ ಬಿಟ್ಟು ಆಪರೇಷನ್ ಮಾಡಿದ್ದರೆ ಯಾವ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಸಂಸ್ಥೆ) ವೈದ್ಯರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಎದೆನೋವೆಂದು ಕ್ಯಾಶುವಾಲ್ಟಿಯಲ್ಲಿ ಎಂಟು ಗಂಟೆ ಇಟ್ಟುಕೊಂಡು ‘ಹೃದಯದ ತೊಂದರೆಯಿಲ್ಲ’ ಎಂದು ಕಳಿಸಿದರು. ವಿಮೆಯವರು ಏನೂ ಕೊಡಲಿಲ್ಲ. ಇದು ಸರಿಯೆ?
— ಓದುಗರು, ತುಮಕೂರು

ನಿಯಮದ ಪ್ರಕಾರ ಸರಿ, ನ್ಯಾಯದ ಪ್ರಕಾರ ಅಲ್ಲ. ಸಾಮಾನ್ಯ ಪಾಲಿಸಿಗಳು ಒಳರೋಗಿಯಾಗಿ ಕನಿಷ್ಠ 24 ಗಂಟೆ ಇದ್ದರೆ ಮಾತ್ರ ಕೊಡುತ್ತವೆ. ಕಣ್ಣಿನ ಪೊರೆ, ಡಯಾಲಿಸಿಸ್‌ನಂಥ ‘ಡೇ ಕೇರ್’ ಚಿಕಿತ್ಸೆಗಳಿಗಷ್ಟೇ ವಿನಾಯಿತಿ. ಹಾಗಾಗಿ ನಮ್ಮಲ್ಲಿ ದಾಖಲಾಗದ ಎಮರ್ಜೆನ್ಸಿಗೆ ಕೋ-ಪೇ 20% ಅಲ್ಲ, ನೂರಕ್ಕೆ ನೂರು ಎಂದೇ ಹೇಳಬೇಕು. ಹೊರರೋಗಿ ಖರ್ಚು ಸೇರಿರುವ ಪಾಲಿಸಿಯಾದರೆ ಅದರ ಮಿತಿಯೊಳಗೆ ಸಿಗುತ್ತದೆ.

ಇದಕ್ಕೆ ಜನ ಕಂಡುಕೊಂಡ ಉಪಾಯ 24 ಗಂಟೆ ತುಂಬಿಸುವುದು. ಬೇಡ. ‘ಕೇವಲ ತಪಾಸಣೆಗಾಗಿ ದಾಖಲಾತಿ’ ಎಂಬುದು ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಇರುವ ಹೊರಗಿಡುವ ನಿಯಮ, ಅದರಡಿ ಪೂರ್ತಿ ಕ್ಲೇಮು ಬಿದ್ದುಹೋಗುತ್ತದೆ. ನಿಜಕ್ಕೂ ದಾಖಲಾಗಬೇಕಾಗಿ ಬಂದವರ ಕ್ಲೇಮೂ ಇದೇ ನಿಯಮಕ್ಕೆ ಸಿಕ್ಕಿಬೀಳುವುದುಂಟು. ಕಾರಣ ಸಾಮಾನ್ಯವಾಗಿ ಡಿಸ್ಚಾರ್ಜ್ ಸಮರಿ. ಅದರಲ್ಲಿ ‘ಎದೆನೋವಿನ ಮೌಲ್ಯಮಾಪನಕ್ಕೆ ದಾಖಲಿಸಲಾಯಿತು, ಆ್ಯಂಜಿಯೋಗ್ರಾಂ ನಾರ್ಮಲ್’ ಎಂದು ಎರಡು ಸಾಲು ಬರೆದಿರುತ್ತಾರೆ. ಇರಬೇಕಾದದ್ದು ಹೀಗೆ: ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಕೈಗೆ ಅಥವಾ ದವಡೆಗೆ ಹರಡಿತ್ತೇ, ಬೆವರಿತ್ತೇ, ಬಂದಾಗಿನ ಬಿಪಿ ಮತ್ತು ಇಸಿಜಿ, ಎಷ್ಟೆಷ್ಟು ಗಂಟೆಗೆ ಟ್ರೊಪೊನಿನ್ ಮಾಡಿದರು, ರಕ್ತನಾಳದ ಮೂಲಕ ಏನು ಔಷಧಿ ಕೊಟ್ಟರು, ಮನೆಗೆ ಕಳಿಸುವುದು ಏಕೆ ಸುರಕ್ಷಿತವಿರಲಿಲ್ಲ. ಟ್ರೊಪೊನಿನ್ ಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೆ ಮಾಡಲೇಬೇಕಾಗುವುದರಿಂದ ಕಾಯುವುದೂ ಚಿಕಿತ್ಸೆಯ ಭಾಗವೇ. ಸಮರಿ ಕೈಗೆ ಬಂದ ಕೂಡಲೇ ಓದಿ, ಬಿಟ್ಟುಹೋದ ಸಂಗತಿಯನ್ನು ಆಗಲೇ ಸೇರಿಸಲು ಕೇಳಿ. ತಿಂಗಳ ನಂತರ ಕೇಳಿದರೆ ತಿದ್ದಿದ ಕಾಗದದಂತೆ ಕಾಣುತ್ತದೆ. ಇಲ್ಲದ್ದನ್ನು ಬರೆಸಲು ಹೋಗಬೇಡಿ, ನರ್ಸಿಂಗ್ ಚಾರ್ಟ್ ತರಿಸಿಕೊಂಡು ತಾಳೆ ನೋಡುತ್ತಾರೆ.

ಪ್ರಶ್ನೆ: ನಮ್ಮದು ಚಿಕ್ಕ ಊರಿನ ದರದ ಪಾಲಿಸಿ. ಇಲ್ಲಿನ ಆಸ್ಪತ್ರೆಯವರೇ ಬೆಂಗಳೂರಿಗೆ ಕಳಿಸಿದರೂ ಹೆಚ್ಚುವರಿ ಕೋ-ಪೇ ಹಾಕಬಹುದೆ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಪಾಲಿಸಿಯಲ್ಲಿ ‘ವಲಯ’ದ ಷರತ್ತಿದ್ದರೆ ಹಾಕಬಹುದು. ಕಡಿಮೆ ದರದ ವಲಯದ ಪ್ರೀಮಿಯಂ ಕಟ್ಟಿ ದುಬಾರಿ ವಲಯದಲ್ಲಿ ಚಿಕಿತ್ಸೆ ಪಡೆದರೆ ಇಂತಿಷ್ಟು ಶೇಕಡಾ ನಿಮ್ಮ ಪಾಲು ಎಂಬುದು ಆ ಷರತ್ತಿನ ಸಾರ. ಕೆಲವು ಪಾಲಿಸಿಗಳು ಅಪಘಾತಕ್ಕೆ ವಿನಾಯಿತಿ ಕೊಡುತ್ತವೆ, ಕೆಲವು ಎಮರ್ಜೆನ್ಸಿಗೂ ಕೊಡುತ್ತವೆ, ಕೆಲವು ಯಾವುದಕ್ಕೂ ಇಲ್ಲ. ಇದನ್ನು ಹುಡುಕಬೇಕಾದ ಜಾಗ ಏಜೆಂಟರ ಬಾಯಲ್ಲಿ ಅಲ್ಲ, ಪಾಲಿಸಿಯ ಜೊತೆ ಕೊಡುವ ಗ್ರಾಹಕ ಮಾಹಿತಿ ಪತ್ರದಲ್ಲಿ. 2024ರ ಜನವರಿಯಿಂದ ಜಾರಿಯಲ್ಲಿರುವ ನಮೂನೆಯಲ್ಲಿ ಕೋ-ಪೇ, ಡಿಡಕ್ಟಿಬಲ್ (ವಿಮೆ ಕೊಡತೊಡಗುವ ಮೊದಲು ನೀವೇ ಭರಿಸಬೇಕಾದ ನಿಗದಿತ ಮೊತ್ತ), ಒಂದೊಂದು ಬಾಬತ್ತಿಗೆ ಇರುವ ಉಪಮಿತಿಗಳನ್ನು ಬಿಡಿಸಿ ಬರೆಯಲೇಬೇಕು. ಕೇಳಿದರೆ ಕನ್ನಡದಲ್ಲೂ ಕೊಡಬೇಕು, ಕೇಳಿ.

ಎರಡು ಕೋ-ಪೇ ಒಟ್ಟಿಗೆ ಬೀಳಬಹುದು ಎಂಬುದೂ ನೆನಪಿರಲಿ. ವಯಸ್ಸಿಗೆ 20%, ವಲಯಕ್ಕೆ 10% ಇದ್ದರೆ ಕೂಡಿಸಿ 30% ಮಾಡುತ್ತಾರೋ, 20% ಕಳೆದು ಉಳಿದದ್ದರ ಮೇಲೆ 10% ಕಳೆಯುತ್ತಾರೋ? ಮೂರು ಲಕ್ಷದ ಕ್ಲೇಮಿನಲ್ಲಿ ಮೊದಲನೆಯದು 90,000, ಎರಡನೆಯದು 84,000. ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಇಟ್ಟುಕೊಳ್ಳಿ. ನಿಮ್ಮ ಕಡೆಯಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಶಿವಮೊಗ್ಗ, ಮಣಿಪಾಲ, ಮಂಗಳೂರು, ಬೆಂಗಳೂರು ಇಷ್ಟೇ ತಾನೆ? ಆ ನಾಲ್ಕು ಊರು ಯಾವ ವಲಯದಲ್ಲಿವೆ ಎಂದು ಪಟ್ಟಿಯಲ್ಲಿ ನೋಡಿ. ವಲಯ ಮೇಲೇರಿಸಲು ತಗಲುವ ಹೆಚ್ಚುವರಿ ಪ್ರೀಮಿಯಂ ಹೊರೆಯೆನಿಸದಿದ್ದರೆ ನವೀಕರಣದ ಹೊತ್ತಿಗೆ ಬದಲಿಸಿಕೊಳ್ಳುವುದೇ ಮೇಲು.

ರೋಗಿಯನ್ನು ಸಾಗಿಸುವ ದಿನ ಬೇಕಾದದ್ದು ಒಂದೇ ಕಾಗದ, ಮೊದಲ ಆಸ್ಪತ್ರೆಯ ರೆಫರಲ್ ಚೀಟಿ. ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಷ್ಟೇ ಇದ್ದರೆ ಸಾಲದು. ಯಾವ ಸೌಲಭ್ಯ ಅಲ್ಲಿ ಇಲ್ಲ (ಕ್ಯಾಥ್ ಲ್ಯಾಬ್, ನ್ಯೂರೋಸರ್ಜನ್, ವೆಂಟಿಲೇಟರ್), ಎಷ್ಟು ಗಂಟೆಗೆ ಕಳಿಸಿದರು, ಆಗ ರೋಗಿಯ ಸ್ಥಿತಿ ಹೇಗಿತ್ತು ಎಂದಿರಬೇಕು. ಚೀಟಿಯಿಲ್ಲದೆ ‘ನಾವೇ ಕರೆದುಕೊಂಡು ಹೋಗುತ್ತೇವೆ’ ಎಂದು ಸಹಿ ಹಾಕಿ ಹೊರಟರೆ ಅದು ವೈದ್ಯರ ಸಲಹೆ ಮೀರಿದ ಬಿಡುಗಡೆ ಎಂದು ದಾಖಲಾಗುತ್ತದೆ, ಆಮೇಲೆ ತುರ್ತು ಎಂದು ವಾದಿಸುವುದು ಕಷ್ಟ.

ಆಸ್ಪತ್ರೆ ನೆಟ್‌ವರ್ಕಿನಲ್ಲಿ ಇಲ್ಲದಿದ್ದರೂ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ ಕೇಳಿ. 2024ರ ಜನವರಿಯಲ್ಲಿ ವಿಮಾ ಕಂಪನಿಗಳ ಒಕ್ಕೂಟ ಪ್ರಕಟಿಸಿದ ‘ಎಲ್ಲೆಡೆ ಕ್ಯಾಶ್‌ಲೆಸ್’ ವ್ಯವಸ್ಥೆಯಲ್ಲಿ, ಎಮರ್ಜೆನ್ಸಿಯಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯವರು ಒಪ್ಪಿದರೆ ಮಾತ್ರ ಇದು ನಡೆಯುವುದು, ಎಲ್ಲರೂ ಒಪ್ಪುವುದಿಲ್ಲ. ನಿಯಂತ್ರಣ ಪ್ರಾಧಿಕಾರದ ಮೇ 2024ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಹೊತ್ತಿನ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಮೂರು ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದು ಕಂಪನಿಯ ಹೊಣೆ. ಮೊದಲ ಮಂಜೂರಾತಿ ಪತ್ರದಲ್ಲೇ ಕೋ-ಪೇ ಎಷ್ಟು ಶೇಕಡಾ ಎಂದು ಬರೆದಿರುತ್ತದೆ. ತಪ್ಪಿದ್ದರೆ ಆಗಲೇ ಜಗಳ ಶುರುಮಾಡಿ, ಡಿಸ್ಚಾರ್ಜ್ ದಿನಕ್ಕೆ ಕಾಯಬೇಡಿ.

ಪ್ರಶ್ನೆ: ಎಪಿಎಲ್ ಕಾರ್ಡಿನವರಿಗೆ ಸರ್ಕಾರದ ಯೋಜನೆಯಲ್ಲಿ ಎಷ್ಟು ಸಿಗುತ್ತದೆ? ಎಮರ್ಜೆನ್ಸಿಗೆ ರೆಫರಲ್ ಬೇಕೆ?
— ಗೃಹಿಣಿ, ಮಂಡ್ಯ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಕೋ-ಪೇ ಇಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದ 70% ನಿಮ್ಮದು. ಕೋ-ಪೇ ಎನ್ನುವ ಹೆಸರಿಲ್ಲ, ಲೆಕ್ಕ ಮಾತ್ರ ಅದೇ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ನಡೆಯುವುದಿಲ್ಲ, ಆದರೆ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ರೇಷನ್ ಕಾರ್ಡ್ ತೋರಿಸದಿದ್ದರೆ ಬಿಪಿಎಲ್‌ನವರನ್ನೂ ಸಾಮಾನ್ಯ ರೋಗಿ ಎಂದೇ ಲೆಕ್ಕ ಹಿಡಿಯುತ್ತಾರೆ. ಆಧಾರ್ ಮತ್ತು ರೇಷನ್ ಕಾರ್ಡಿನ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ರಸ್ತೆ ಅಪಘಾತವಾದರೆ ಕಾರ್ಡಿನ ಬಣ್ಣ ಲೆಕ್ಕಕ್ಕಿಲ್ಲ. ಮೇ 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದುರಹಿತ. ಇನ್ನು ಯಾವ ಎಮರ್ಜೆನ್ಸಿಯಲ್ಲೂ ಮೊದಲು ಜೀವ ಉಳಿಸುವ ಚಿಕಿತ್ಸೆ, ಉಳಿದದ್ದು ಆಮೇಲೆ ಎಂಬುದು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರಿಗೂ ಹೊರಿಸಿದ ಹೊಣೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋಗುತ್ತಿದ್ದೇವೆ. ಎಮರ್ಜೆನ್ಸಿ ಕೋ-ಪೇ ಬಗ್ಗೆ ಏನು ನೋಡಿಕೊಳ್ಳಬೇಕು?
— ದಂಪತಿ, ಮೈಸೂರು

ಮಗಳ ವಿಮೆಗೂ ನೀವು ಕೊಳ್ಳುವ ಸಂದರ್ಶಕರ ವಿಮೆಗೂ ಅಜಗಜಾಂತರ. ಮೇಲೆ ಹೇಳಿದ ‘ಸಾಮಾನ್ಯ ತಿಳಿವಳಿಕೆ’ಯ ನಿಯಮವಾಗಲಿ, ನೆಟ್‌ವರ್ಕ್ ಹೊರಗಿನ ಎಮರ್ಜೆನ್ಸಿ ಬಿಲ್ಲಿನಿಂದ 2022ರಿಂದ ರಕ್ಷಣೆ ಕೊಡುವ ಕಾನೂನಾಗಲಿ ನಿಮ್ಮ ಪ್ರವಾಸ ಪಾಲಿಸಿಗೆ ಇದೆ ಎಂದು ನಂಬಿ ಕೂರಬೇಡಿ. ಮೂರು ಸಾಲು ಹುಡುಕಿ. ಕಾಯಿಲೆಗೆ ಎಮರ್ಜೆನ್ಸಿ ರೂಮಿಗೆ ಹೋಗಿ ದಾಖಲಾಗದಿದ್ದರೆ ಹೆಚ್ಚುವರಿ ಡಿಡಕ್ಟಿಬಲ್ ಇದೆಯೇ? ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಬಿಪಿ-ಶುಗರ್‌ನಂಥ ಹಳೆಯ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಎಷ್ಟು ಗಂಟೆಯೊಳಗೆ ಚಿಕಿತ್ಸೆ ಪಡೆಯಬೇಕು, ಯಾವ ವಯಸ್ಸಿನವರೆಗೆ ಅದು ಅನ್ವಯ? 24 ಗಂಟೆ ಎಂದಿರುವುದು ಸಾಮಾನ್ಯ. ಮೂರನೆಯದು, ಆಂಬುಲೆನ್ಸ್ ಖರ್ಚು ಸೇರಿದೆಯೇ ಎಂಬುದು. ಜ್ವರ, ಮೂತ್ರದ ಉರಿ, ಸಣ್ಣ ಗಾಯಗಳಿಗೆ ಅಲ್ಲಿ ‘ಅರ್ಜೆಂಟ್ ಕೇರ್’ ಕ್ಲಿನಿಕ್ಕುಗಳಿವೆ, ಖರ್ಚು ಎಮರ್ಜೆನ್ಸಿ ರೂಮಿಗಿಂತ ಬಹಳ ಕಡಿಮೆ. ಮನೆಗೆ ಹತ್ತಿರದ್ದು ಯಾವುದು ಎಂದು ಮಗಳಿಂದ ಮೊದಲ ವಾರವೇ ತಿಳಿದುಕೊಳ್ಳಿ.

ಪ್ರಶ್ನೆ: ಸ್ವಯಂಪ್ರೇರಿತ ಕೋ-ಪೇ ಒಪ್ಪಿದರೆ ಪ್ರೀಮಿಯಂನಲ್ಲಿ ರಿಯಾಯಿತಿ ಎನ್ನುತ್ತಾರೆ. ಒಪ್ಪಬಹುದೆ? ಕಂಪನಿ ಕೋ-ಪೇ ತಪ್ಪಾಗಿ ಹಾಕಿದರೆ ದೂರು ಎಲ್ಲಿ?
— ಬ್ಯಾಂಕ್ ನೌಕರರು, ದಾವಣಗೆರೆ

ಒಂದು ಕಾಗದದ ಮೇಲೆ ಭಾಗಾಕಾರ ಮಾಡಿ. ಪ್ರೀಮಿಯಂ 30,000, 20% ಕೋ-ಪೇಗೆ ರಿಯಾಯಿತಿ 15% ಎಂದರೆ ವರ್ಷಕ್ಕೆ ಉಳಿಯುವುದು 4,500. ಮೂರು ಲಕ್ಷದ ಒಂದು ಕ್ಲೇಮು ಬಂದರೆ ಹೋಗುವುದು 60,000, ಹದಿಮೂರು ವರ್ಷದ ಉಳಿತಾಯಕ್ಕಿಂತ ಹೆಚ್ಚು. ಅಷ್ಟು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಎಂಬ ಧೈರ್ಯ ಯಾರಿಗಿದೆ? ಪ್ರೀಮಿಯಂ ತಗ್ಗಿಸಲೇಬೇಕಾದರೆ ಕೋ-ಪೇಗಿಂತ ನಿಗದಿತ ಡಿಡಕ್ಟಿಬಲ್ ವಾಸಿ. 25,000 ಎಂದರೆ 25,000, ಬಿಲ್ಲು ಎರಡು ಲಕ್ಷವಾಗಲಿ ಹತ್ತು ಲಕ್ಷವಾಗಲಿ. ಅದು ವರ್ಷಕ್ಕೊಮ್ಮೆಯೋ ಪ್ರತಿ ಕ್ಲೇಮಿಗೋ ಎಂದು ಕೇಳಿಕೊಳ್ಳಿ, ವರ್ಷಕ್ಕೊಮ್ಮೆಯದು ಒಳ್ಳೆಯದು. ಆ ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆಯೇ ಇಡಿ. ಹೊಸ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ ಬೇಡವೆನಿಸಿದರೆ ಹಿಂದಿರುಗಿಸಬಹುದು.

ದೂರಿನ ದಾರಿ ಹೀಗೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್. ಕ್ಲೇಮು ಸಂಖ್ಯೆ, ಅವರು ಕಳೆದ ಮೊತ್ತ, ನೀವು ಸರಿ ಎನ್ನುವ ಮೊತ್ತ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬ ನಾಲ್ಕು ಸಂಗತಿ ಸಾಕು, ನೊಂದ ಕಥೆ ಬೇಡ. ಜೊತೆಗೆ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ಇತ್ಯರ್ಥ ಮಾಡುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್. ಬೆಂಗಳೂರಿನಲ್ಲಿ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ಕೇಳುತ್ತಾರೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅದೇ ವಿಷಯ ಗ್ರಾಹಕ ನ್ಯಾಯಾಲಯದಲ್ಲಿ ಇರಬಾರದು. ತೀರ್ಪು ನಿಮ್ಮ ಕಡೆಯಾದರೆ ಕಂಪನಿ 30 ದಿನದೊಳಗೆ ಪಾಲಿಸಬೇಕು.

ಡಿಸ್ಚಾರ್ಜ್ ಹೊತ್ತಿನಲ್ಲಿ ಕೋ-ಪೇ ಕಟ್ಟಿದ ರಸೀದಿಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ. ಒಟ್ಟು ಬಿಲ್ಲಿನಲ್ಲಿ ಸೇರಿಸಿ ‘ನಗದು ಪಾವತಿ’ ಎಂದಷ್ಟೇ ಕೊಟ್ಟರೆ ಆಮೇಲೆ ಕೋ-ಪೇ ಎಷ್ಟು, ವಿಮೆ ಒಪ್ಪದ ಬಾಬತ್ತು ಎಷ್ಟು ಎಂದು ಬಿಡಿಸುವುದೇ ದೊಡ್ಡ ಕೆಲಸ. ಕಂಪನಿ ಕೊಡುವ ಇತ್ಯರ್ಥ ಪತ್ರದಲ್ಲಿ ಪ್ರತಿ ಕಡಿತಕ್ಕೂ ಕಾರಣ ಇರಬೇಕು. ಆ ಪತ್ರ ಮತ್ತು ರಸೀದಿ ತಾಳೆಯಾಗದ ಕಡೆ ಗುರುತು ಹಾಕಿ ದೂರಿಗೆ ಲಗತ್ತಿಸಿ.